ಓದುಗರ ಪ್ರಶ್ನೆ, ಅಕ್ಕನ ಉತ್ತರ: ಪ್ರಾರ್ಥನೆಗೆ ಕೂತ್ರೆ ನಿದ್ದೆ ಬರತ್ತೆ, ಏನ್ ಮಾಡ್ಲಿ?

ಈ ಸಲ ಬಂದಿರೋ ಪ್ರಶ್ನೆಗಳನ್ನ ಓದ್ತಾ ಹೋದ್ರೆ ಎಲ್ಲಾ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಂತಿವೆ. ದೇವರ ಜೊತೆ ಕೂರೋದು ಹೇಗೆ, ಎಷ್ಟೊತ್ತು ಕೂರಬೇಕು, ಕೂತ್ರೂ ಏನೂ ಆಗ್ತಿಲ್ವಲ್ಲಾ ಯಾಕೆ ಅಂತ. ಮದುವೆ, ಕೆಲಸ, ದಶಮಾಂಶದ (ಆದಾಯದ ಹತ್ತನೇ ಒಂದು ಪಾಲು ದೇವರಿಗೆ ಕೊಡೋದು) ಪ್ರಶ್ನೆ ಕಳ್ಸಿರೋರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಂಚಿಕೇಲಿ ನೋಡೋಣ. ಯಾರ ಹೆಸರೂ ಹಾಕಿಲ್ಲ, ತುಂಬಾ ಉದ್ದ ಇದ್ದಿದ್ದನ್ನ ಸ್ವಲ್ಪ ಕತ್ತರಿಸಿದೀನಿ.

ಪ್ರಶ್ನೆ: ಅಕ್ಕಾ, ಪ್ರೈಸ್ ದ ಲಾರ್ಡ್. ನಾನು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ತಗೊಂಡು 3 ವರ್ಷ ಆಯ್ತು. ದಿನಾ ಬೆಳಿಗ್ಗೆ 5ಕ್ಕೆ ಅಲಾರಂ ಇಟ್ಟು ಏಳ್ತೀನಿ, ಮೊಣಕಾಲೂರಿ ಕಣ್ಣು ಮುಚ್ಚಿ ತಂದೆಯೇ ಸ್ತೋತ್ರ ಅಂತೀನಿ, ಅಷ್ಟೇ. ಆಮೇಲೆ ಆಫೀಸಲ್ಲಿ ಮ್ಯಾನೇಜರ್ ಅಂದ ಮಾತು, ಕಟ್ಟಬೇಕಾಗಿರೋ ಬಿಲ್ಲು, ತಂಗಿ ಜೊತೆ ಆದ ಜಗಳ ಎಲ್ಲಾ ಬಂದು ತಲೇಲಿ ಕೂರತ್ತೆ. ಇಲ್ಲಾಂದ್ರೆ ಮಂಚಕ್ಕೆ ತಲೆ ಆನಿಸ್ಕೊಂಡು ಅಲ್ಲೇ ನಿದ್ದೆ, 6 ಗಂಟೆಗೆ ಎಚ್ಚರ. ನಮ್ಮ ಸಭೇಲಿ (ಚರ್ಚಲ್ಲಿ) ಒಬ್ಬರು ದಿನಾ 3 ಗಂಟೆ ಪ್ರಾರ್ಥನೆ ಮಾಡ್ತೀನಿ ಅಂತ ಸಾಕ್ಷಿ ಹೇಳ್ತಾರೆ. ನಂಗೆ 10 ನಿಮಿಷ ಆಗ್ತಿಲ್ಲ. ನಾನು ನಿಜವಾಗ್ಲೂ ರಕ್ಷಣೆ (ಪಾಪದಿಂದ ಬಿಡುಗಡೆ) ಹೊಂದಿದೀನಾ ಅಂತಾನೇ ಡೌಟ್ ಬರ್ತಿದೆ.

ಉತ್ತರ: ತಮ್ಮಾ, ಕೊನೇ ಮಾತಿಂದ ಶುರು ಮಾಡ್ತೀನಿ ಯಾಕಂದ್ರೆ ಅದೇ ನಿನ್ನ ಹೆಚ್ಚು ಕೊರೀತಿರೋದು ಅಂತ ಕಾಣ್ಸತ್ತೆ. ಯೇಸು ಸ್ವಾಮಿನ ಹಿಡ್ಕೊಂಡು ಹೋದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನ ಮೂರೂ ಜನ ನಿದ್ದೆ ಹೋದ್ರು. ಒಂದ್ಸಲ ಅಲ್ಲ, ಯೇಸು ಸ್ವಾಮಿ ಮೂರು ಸಲ ಬಂದು ನೋಡಿದ್ರೂ ಅದೇ ಕಥೆ. ಒಂದು ಗಂಟೆನಾದ್ರೂ ಎಚ್ಚರ ಇರೋಕಾಗ್ಲಿಲ್ವಾ ಅಂತ ಕೇಳಿದ್ರು ನಿಜ, ಆದ್ರೆ ಅದರ ಬೆನ್ನಿಗೇ ಮನಸ್ಸೇನೋ ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಅಂತಾನೂ ಹೇಳಿದ್ರು. ನಿದ್ದೆ ಮಾಡಿದ್ರು ಅಂತ ಅವರನ್ನ ಶಿಷ್ಯರ ಲಿಸ್ಟಿಂದ ತೆಗೆದು ಹಾಕ್ಲಿಲ್ಲ. ನಿನ್ನದೂ ಅಷ್ಟೇ, ಇದು ರಕ್ಷಣೆ ಪ್ರಶ್ನೆ ಅಲ್ಲವೇ ಅಲ್ಲ, ಅರ್ಧ ನಿದ್ದೆ ಪ್ರಶ್ನೆ. ರಾತ್ರಿ ಎಷ್ಟಕ್ಕೆ ಮಲಗ್ತೀಯ ಅಂತ ನೀನು ಬರ್ದಿಲ್ಲ. 12ರ ತನಕ ಫೋನ್ ನೋಡಿ 5ಕ್ಕೆ ಎದ್ರೆ ಕಣ್ಣು ಮುಚ್ಚಿದ ತಕ್ಷಣ ನಿದ್ದೆ ಬರ್ದೆ ಇನ್ನೇನ್ ಬರತ್ತೆ ಹೇಳು.

ಮತ್ತೆ ಆ 5 ಗಂಟೆ ಯಾರು ಫಿಕ್ಸ್ ಮಾಡಿದ್ದು? ಯೇಸು ಸ್ವಾಮಿ ಇನ್ನೂ ಕತ್ತಲಿರೋವಾಗ ಎದ್ದು ಒಂಟಿ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದ್ದು ಸತ್ಯವೇದದ (ಬೈಬಲ್) ಮಾರ್ಕ ಪುಸ್ತಕ 1:35ರಲ್ಲಿ ಇದೆ, ಅದನ್ನ ಎಲ್ಲರೂ ಹೇಳ್ತಾರೆ. ಆದ್ರೆ ಮತ್ತಾಯ 14ರಲ್ಲಿ ಜನರನ್ನ ಕಳ್ಸಿಬಿಟ್ಟು ಸಾಯಂಕಾಲ ಬೆಟ್ಟ ಹತ್ತಿ ಒಬ್ಬರೇ ಇದ್ರು ಅಂತಿದೆ, ಲೂಕ 6ರಲ್ಲಿ ರಾತ್ರಿಯೆಲ್ಲಾ ಪ್ರಾರ್ಥನೆ ಮಾಡಿದ್ರು ಅಂತಿದೆ. ಅಂದ್ರೆ ಒಂದೇ ಟೈಮ್ ಅಂತ ಇರ್ಲಿಲ್ಲ. ನಿನಗೆ ತಲೆ ಚುರುಕಾಗಿರೋ ಹೊತ್ತು ಯಾವ್ದೋ ಅದನ್ನ ಕೊಡು, ಮಧ್ಯಾಹ್ನ ಊಟದ ಬಿಡುವಲ್ಲಿ 15 ನಿಮಿಷ ಆದ್ರೂ ಸರಿ.

ಇನ್ನು ಮನಸ್ಸು ಓಡೋ ವಿಷಯ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳ ಆಶ್ರಮ ನಡೆಸ್ತಿದ್ದ ಜಾರ್ಜ್ ಮುಲ್ಲರ್ ಅಂತ ಒಬ್ಬರಿದ್ರು, ಪ್ರಾರ್ಥನೆ ಅಂದ್ರೆ ಇವರದ್ದು ಅಂತ ಇವತ್ತಿಗೂ ಉದಾಹರಣೆ ಕೊಡ್ತಾರೆ. ಅವರೇ 1841ರಲ್ಲಿ ಬರ್ಕೊಂಡಿದಾರೆ, ವರ್ಷಾನುಗಟ್ಟಲೆ ಬೆಳಿಗ್ಗೆ ಎದ್ದ ತಕ್ಷಣ ಪ್ರಾರ್ಥನೆಗೆ ಕೂರ್ತಿದ್ದೆ, ಮೊದಲ ಹತ್ತು ನಿಮಿಷ, ಕಾಲು ಗಂಟೆ, ಕೆಲವು ಸಲ ಅರ್ಧ ಗಂಟೆ ಬರೀ ಮನಸ್ಸು ಅಲೆದಾಡೋದ್ರಲ್ಲೇ ಹೋಗ್ತಿತ್ತು ಅಂತ. ಅವರಿಗೇ ಹಂಗೆ ಆದ್ಮೇಲೆ ನಾವ್ಯಾವ ಲೆಕ್ಕ! ಅವರು ಆಮೇಲೆ ಏನ್ ಮಾಡಿದ್ರು ಅಂದ್ರೆ ಆರ್ಡರ್ ತಿರುಗಿಸಿದ್ರು. ಮೊದಲು ಸತ್ಯವೇದ ತೆಗೆದು ನಿಧಾನಕ್ಕೆ ಓದೋದು, ಓದಿದ್ದನ್ನ ಯೋಚ್ನೆ ಮಾಡೋದು, ಆ ಯೋಚ್ನೆ ತಾನಾಗೇ ಪ್ರಾರ್ಥನೆಗೆ ತಿರುಗೋದು. ಅಂದ್ರೆ ಮೊದಲು ದೇವರು ಮಾತಾಡ್ಲಿ, ಆಮೇಲೆ ನಾವು. ನಾನು ಇದನ್ನ ಶುರು ಮಾಡಿ ಸುಮಾರು ವರ್ಷ ಆಯ್ತು, ಬೇರೆ ಯಾವ ಸಲಹೆಗಿಂತ ನಂಗೆ ಇದೇ ಕೈ ಹಿಡಿದಿರೋದು.

ಸುಮ್ನೆ ಹೇಳಿದ್ರೆ ಅರ್ಥ ಆಗಲ್ಲ, ಮೊನ್ನೆ ನಾನು ಮಾರ್ಕ 10 ಇಟ್ಕೊಂಡು ಕೂತಿದ್ದನ್ನ ಹೇಳ್ತೀನಿ. ಕುರುಡ ಬಾರ್ತಿಮಾಯ ದಾರಿ ಬದಿ ಕೂತು ಕೂಗ್ತಿದಾನೆ, ಜನ ಸುಮ್ನಿರು ಅಂತ ಗದರಿಸ್ತಿದಾರೆ, ಅವನು ಇನ್ನೂ ಜೋರಾಗಿ ಕೂಗ್ತಾನೆ, ಯೇಸು ನಿಂತ್ರು. ಕರೆದ ತಕ್ಷಣ ಮೇಲಿನ ಬಟ್ಟೆ ಬಿಸಾಕಿ ಎದ್ದು ಬಂದ. ನಾನು ನಿನಗೆ ಏನು ಮಾಡ್ಬೇಕು ಅಂತ ಕೇಳ್ತಾರೆ ಯೇಸು. ಇಲ್ಲಿ ನಾನು ನಿಂತ್ಬಿಟ್ಟೆ. ಕುರುಡನ್ನ ಏನ್ ಬೇಕು ಅಂತ ಕೇಳೋದಾ? ಆಮೇಲೆ ಸ್ವಲ್ಪ ಮೇಲೆ ಕಣ್ಣಾಡಿಸಿದ್ರೆ ಅದೇ ಅಧ್ಯಾಯದಲ್ಲಿ ಅದೇ ಪ್ರಶ್ನೆ ಯಾಕೋಬ ಯೋಹಾನರಿಗೂ ಕೇಳಿದಾರೆ, ಅವರು ಬಲಗಡೆ ಒಂದು ಸೀಟು ಎಡಗಡೆ ಒಂದು ಸೀಟು ಕೇಳ್ಕೊಂಡ್ರು. ಕಣ್ಣಿರೋರು ಕುರ್ಚಿ ಕೇಳಿದ್ರು, ಕುರುಡ ಕಣ್ಣು ಕೇಳಿದ. ಎಷ್ಟೋ ಸಲ ಓದಿದ ಅಧ್ಯಾಯ, ಇದು ಯಾವತ್ತೂ ಕಂಡಿರ್ಲಿಲ್ಲ. ಅವತ್ತು ನಾನು ಆ ಪ್ರಶ್ನೆನ ನನಗೇ ಕೇಳಿದ್ರು ಅಂತ ಇಟ್ಕೊಂಡೆ. ಬಾಯಿಗೆ ಮೊದಲು ಬಂದಿದ್ದು ಏನ್ ಗೊತ್ತಾ, ಸಭೇಲಿ ನನ್ನ ಮಾತಿಗೆ ಬೆಲೆ ಸಿಗ್ಲಿ ಅಂತ. ಅಂದ್ರೆ ಕುರ್ಚಿನೇ! ನಾಚ್ಕೆ ಆಯ್ತು, ಅದನ್ನೇ ಹೇಳ್ಕೊಂಡೆ, ಅದೇ ಅವತ್ತಿನ ಪ್ರಾರ್ಥನೆ. ಒಟ್ಟು 20 ನಿಮಿಷ ಇರಬಹುದು, ನಿದ್ದೆ ಹತ್ರಕ್ಕೂ ಬರ್ಲಿಲ್ಲ.

ಇನ್ನೊಂದು, ಬಾಯಿ ಬಿಟ್ಟು ಓದು. ಸತ್ಯವೇದದ ಕೀರ್ತನೆ 1ರಲ್ಲಿ ಹಗಲಿರುಳು ಧ್ಯಾನಿಸೋನು ಧನ್ಯನು ಅಂತ ಬರತ್ತಲ್ಲಾ, ಅಲ್ಲಿ ಧ್ಯಾನಕ್ಕೆ ಇರೋ ಹೀಬ್ರೂ ಪದ 'ಹಾಗಾ' (hagah) ಅಂತ. ಯೆಶಾಯ 31ರಲ್ಲಿ ಸಿಂಹ ತನ್ನ ಬೇಟೆ ಮೇಲೆ ನಿಂತು ಗುರ್ ಅನ್ನೋದಕ್ಕೂ ಅದೇ ಪದ, ಯೆಶಾಯ 38ರಲ್ಲಿ ಪಾರಿವಾಳದ ಹಾಗೆ ಕೊರಗಿದೆ ಅನ್ನೋ ಕಡೆನೂ ಅದೇ ಪದ. ಧ್ಯಾನ ಅಂದ್ರೆ ಕಣ್ಣು ಮುಚ್ಚಿ ತಲೆ ಖಾಲಿ ಮಾಡ್ಕೊಳೋದು ಅಂತ ನಾವು ಅಂದ್ಕೊಂಡಿದೀವಿ, ಇಲ್ಲಿ ನೋಡಿದ್ರೆ ಒಂದು ವಾಕ್ಯ ಕಚ್ಕೊಂಡು ಬಾಯಲ್ಲಿ ಗೊಣಗ್ತಾ ಇರೋದು. ಬಾಯಿ ಅಲ್ಲಾಡ್ತಿದ್ರೆ ನಿದ್ದೆ ಬರೋದು ಕಷ್ಟ, ಟ್ರೈ ಮಾಡಿ ನೋಡು.

ಮ್ಯಾನೇಜರ್ ನೆನಪಿಗೆ ಬಂದ್ರೆ ಓಡಿಸೋಕೆ ಹೋಗ್ಬೇಡ. ಓಡಿಸಿದಷ್ಟೂ ಬರ್ತಾನೆ. ಕರ್ತನೇ ಇವನು ಮತ್ತೆ ಬಂದ, ಇವನ ಮೇಲೆ ನಂಗೆ ಹಿಂಗೆ ಕೋಪ ಇದೆ ಅಂತ ಅವನನ್ನೇ ದೇವರ ಮುಂದೆ ಕೂರಿಸಿ ಮಾತಾಡು. ನೀನು ಅಡ್ಡಿ ಅಂದ್ಕೊಂಡಿದ್ದೇ ಅವತ್ತು ಪ್ರಾರ್ಥನೆ ಮಾಡಬೇಕಾಗಿದ್ದ ವಿಷಯ ಆಗಿರತ್ತೆ, ಬಹಳ ಸಲ.

3 ಗಂಟೆ ಸಾಕ್ಷಿ ಬಗ್ಗೆ ಏನೂ ಹೇಳಲ್ಲ. ಅವರ ವಿಷಯ ಅವರಿಗೂ ದೇವರಿಗೂ ಬಿಟ್ಟಿದ್ದು.

ಪ್ರಶ್ನೆ: ಪ್ರತಿ ಜನವರಿ 1ಕ್ಕೆ ವರ್ಷದಲ್ಲಿ ಸತ್ಯವೇದ ಮುಗಿಸ್ತೀನಿ ಅಂತ ಶುರು ಮಾಡ್ತೀನಿ ಸಿಸ್ಟರ್, ಆದಿಕಾಂಡ ಚೆನ್ನಾಗಿ ಹೋಗತ್ತೆ, ವಿಮೋಚನಕಾಂಡದಲ್ಲಿ ಗುಡಾರದ ಅಳತೆ ಬಂದಾಗ ಕುಂಟತ್ತೆ, ಯಾಜಕಕಾಂಡದಲ್ಲಿ ಪೂರ್ತಿ ನಿಂತೋಗತ್ತೆ. 6 ವರ್ಷದಿಂದ ಇದೇ. ಗಿಲ್ಟಿ ಫೀಲಿಂಗ್.

ಉತ್ತರ: ನಗು ಬಂತು, ಕ್ಷಮಿಸಿ ಬ್ರದರ್, ನಮ್ಮ ಮನೇಲೂ ಇದೇ ಕಥೆ ಆಗಿತ್ತು. ಲೆಕ್ಕ ಹಾಕಿ, 66 ಪುಸ್ತಕ, 1189 ಅಧ್ಯಾಯ, ವರ್ಷಕ್ಕೆ ಮುಗೀಬೇಕು ಅಂದ್ರೆ ದಿನಕ್ಕೆ 3 ಮೇಲೆ ಸ್ವಲ್ಪ. ನಾಲ್ಕು ದಿನ ತಪ್ಪಿದ್ರೆ 13 ಅಧ್ಯಾಯ ಬಾಕಿ, ಆಮೇಲೆ ಸಾಲ ತೀರಿಸೋ ಥರ ಓದೋದು.

ಈ ಓದೋ ಪ್ಲಾನ್‌ಗಳಲ್ಲಿ ತುಂಬಾ ಹೆಸರಾಗಿರೋದು ಸ್ಕಾಟ್ಲೆಂಡಿನ ಡಂಡೀಲಿ ಪಾಸ್ಟರ್ ಆಗಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಯವರಿಗೆ ಮಾಡಿಕೊಟ್ಟಿದ್ದು, ಹಳೇ ಒಡಂಬಡಿಕೆ ವರ್ಷಕ್ಕೆ ಒಂದ್ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಪಾಪ, ಮಾರನೇ ವರ್ಷವೇ 29ನೇ ವಯಸ್ಸಿಗೆ ತೀರಿಕೊಂಡ್ರು. ಅವರು ಪ್ಲಾನ್ ಕೊಡೋವಾಗ್ಲೇ ಇದರ ಅಪಾಯಗಳನ್ನೂ ಬರ್ದು ಕೊಟ್ಟಿದ್ರು ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬರೀ ಶಾಸ್ತ್ರಕ್ಕೆ ಓದೋದಾಗಬಹುದು, ಇವತ್ತಿನ ಪಾಲು ಮುಗಿಸ್ದೆ ಅಂತ ಒಳಗೊಳಗೇ ಅಹಂಕಾರ ಬರಬಹುದು, ಗಮನ ಇಲ್ಲದೆ ಓದಬಹುದು, ಕೆಲವರಿಗೆ ಹೊರಲಾರದ ನೊಗ ಆಗಬಹುದು ಅಂತ. ಪ್ಲಾನ್ ಮಾಡಿದೋರೇ ಇಷ್ಟು ಹೇಳಿದಾರೆ.

ನಾನು ಆ ಎರಡನೇ ಅಪಾಯದಲ್ಲಿ ಚೆನ್ನಾಗಿ ಬಿದ್ದಿದ್ದೆ. ಒಂದು ನೋಟ್‌ಬುಕ್ಕಲ್ಲಿ ತಾರೀಖು ಬರ್ದು ಓದಿದ್ಮೇಲೆ ಟಿಕ್, ಪ್ರಾರ್ಥನೆ ಆದ್ಮೇಲೆ ಟಿಕ್. ಸಾಲಾಗಿ ಹಸಿರು ಪೆನ್ನಿನ ಟಿಕ್ ನೋಡಿದ್ರೆ ಎಷ್ಟು ಖುಷಿ ಅಂತೀರಾ. ಒಂದಿನ ಬೆಳಿಗ್ಗೆ ಅವಸರದಲ್ಲಿ ಮೊದಲು ಟಿಕ್ ಹಾಕ್ಬಿಟ್ಟು ಆಮೇಲೆ ಪ್ರಾರ್ಥನೆಗೆ ಕೂತೆ, ಕೂತೋಳು ಫೋನ್ ಬಂತು ಅಂತ ಎದ್ದೋದೆ. ರಾತ್ರಿ ನೋಡಿದ್ರೆ ಟಿಕ್ ಇದೆ, ಪ್ರಾರ್ಥನೆ ಇಲ್ಲ. ಅಳಿಸೋಕೂ ಮನಸ್ಸು ಬರ್ಲಿಲ್ಲ ಸಾಲು ತಪ್ಪತ್ತೆ ಅಂತ! ಆ ನೋಟ್‌ಬುಕ್ ಇನ್ನೂ ಇದೆ ನನ್ನ ಹತ್ರ.

ನಿಮಗೆ ಹೇಳೋದಾದ್ರೆ ಈ ವರ್ಷ ಪ್ಲಾನ್ ಬಿಡಿ. ಮಾರ್ಕದಿಂದ ಶುರು ಮಾಡಿ, 16 ಅಧ್ಯಾಯ, ದಿನಕ್ಕೊಂದು. ನಾಲ್ಕು ಸುವಾರ್ತೆ ಸೇರಿ 89 ಅಧ್ಯಾಯ, ಮೂರು ತಿಂಗಳು ಸಾಕು. ಒಂದಿನ ತಪ್ಪಿದ್ರೆ ಬಾಕಿ ಅಂತ ಇಟ್ಕೋಬೇಡಿ, ಎಲ್ಲಿ ಬಿಟ್ರೋ ಅಲ್ಲಿಂದ. ಯಾಜಕಕಾಂಡನ ಮಾತ್ರ ಬೈಬೇಡಿ ಆಯ್ತಾ, ನಿನ್ನ ನೆರೆಯವನನ್ನ ನಿನ್ನಂತೆಯೇ ಪ್ರೀತಿಸು ಅನ್ನೋ ಮಾತನ್ನ ಯೇಸು ಸ್ವಾಮಿ ತೆಗೆದಿದ್ದು ಅಲ್ಲಿಂದಾನೇ, 19ನೇ ಅಧ್ಯಾಯ. ನೀವು ನಿಲ್ಲಿಸ್ತಿರೋ ಜಾಗದಿಂದ ಬಹಳ ದೂರ ಇರಲ್ಲ ಅಂತ ಕಾಣತ್ತೆ.

ಪ್ರಶ್ನೆ: ಮಲಗಿಕೊಂಡು ಪ್ರಾರ್ಥನೆ ಮಾಡಿದ್ರೆ ಪಾಪನಾ? ಬಸ್ಸಲ್ಲಿ ಹೋಗ್ತಾ ಮಾಡಿದ್ರೆ ಲೆಕ್ಕಕ್ಕೆ ಬರತ್ತಾ?

ಉತ್ತರ: ಹಿಜ್ಕೀಯ ಅರಸ ಖಾಯಿಲೆ ಬಿದ್ದಾಗ ಗೋಡೆ ಕಡೆ ಮುಖ ತಿರುಗಿಸಿ ಪ್ರಾರ್ಥನೆ ಮಾಡಿದ, ಆಯಸ್ಸು 15 ವರ್ಷ ಜಾಸ್ತಿ ಆಯ್ತು. ದಾವೀದ ಕೂತ್ಕೊಂಡು ಮಾಡಿದ. ಹನ್ನಳಿಗೆ ತುಟಿ ಮಾತ್ರ ಅಲ್ಲಾಡ್ತಿತ್ತು, ಯಾಜಕ ಕುಡಿದಿದಾಳೆ ಅಂದ್ಕೊಂಡ. ನೆಹೆಮೀಯನಂತೂ ರಾಜ ನಿನಗೇನು ಬೇಕು ಅಂತ ಕೇಳಿದ್ದಕ್ಕೂ ತಾನು ಉತ್ತರ ಕೊಟ್ಟಿದ್ದಕ್ಕೂ ಮಧ್ಯದಲ್ಲೇ ಪ್ರಾರ್ಥನೆ ಮುಗಿಸಿದ. ಬಸ್ಸು ಧಾರಾಳ ಆಯ್ತು. ಮೊಣಕಾಲೂರೋದು ಒಳ್ಳೇದೇ, ನಾನು ಯಾರ ಮುಂದೆ ಇದೀನಿ ಅನ್ನೋದನ್ನ ದೇಹಕ್ಕೂ ನೆನಪು ಮಾಡತ್ತೆ, ಆದ್ರೆ ಅದು ಎಂಟ್ರಿ ಟಿಕೆಟ್ ಅಲ್ಲ.

ಪ್ರಶ್ನೆ: ಅಕ್ಕಾ, ನನ್ನ ಅಮ್ಮ ತೀರಿಕೊಂಡು 8 ತಿಂಗಳಾಯ್ತು. ಅವತ್ತಿಂದ ಪ್ರಾರ್ಥನೆಗೆ ಕೂತ್ರೆ ಗೋಡೆ ಜೊತೆ ಮಾತಾಡ್ದಂಗೆ ಅನ್ಸತ್ತೆ. ಮುಂಚೆ ಆರಾಧನೇಲಿ ಕಣ್ಣೀರು ಬರ್ತಿತ್ತು, ಸಮಾಧಾನ ಸಿಗ್ತಿತ್ತು, ಈಗ ಏನೂ ಇಲ್ಲ. ಸಭೇಲಿ ಒಬ್ಬ ಸಿಸ್ಟರ್ ನಿನ್ನ ಜೀವನದಲ್ಲಿ ಗುಪ್ತ ಪಾಪ ಇರಬೇಕು ಪರೀಕ್ಷೆ ಮಾಡ್ಕೋ ಅಂದ್ರು. ಹುಡುಕಿ ಹುಡುಕಿ ಸಾಕಾಗಿದೆ.

ಉತ್ತರ: ತಂಗೀ, ಹುಡುಕೋದು ನಿಲ್ಸು. ಪಾಪ ಇದ್ರೆ ತೋರಿಸೋ ಕೆಲಸ ಪವಿತ್ರಾತ್ಮರದ್ದು, ಅವರು ತೋರಿಸೋವಾಗ ಇದು ಅಂತ ಬೊಟ್ಟು ಮಾಡಿ ತೋರಿಸ್ತಾರೆ, ಹಿಂಗೆ ಎಲ್ಲೋ ಏನೋ ಇರಬೇಕು ಅಂತ ಮಸುಕು ಮಸುಕಾಗಿ ಹಿಂಸೆ ಕೊಡಲ್ಲ. ಆ ಸಿಸ್ಟರ್ ಒಳ್ಳೇ ಮನಸ್ಸಿಂದಾನೇ ಹೇಳಿರ್ಬಹುದು. ಮಕ್ಕಳು, ಆಸ್ತಿ ಎಲ್ಲಾ ಕಳ್ಕೊಂಡ ಯೋಬನ ಸ್ನೇಹಿತರೂ ಹಂಗೇ ಬಂದಿದ್ರು, ಏಳು ದಿನ ಏಳು ರಾತ್ರಿ ಬಾಯಿ ಮುಚ್ಕೊಂಡು ಜೊತೆಗೆ ಕೂತಿದ್ದಷ್ಟೇ ಅವರು ಮಾಡಿದ ಸರಿಯಾದ ಕೆಲಸ, ಬಾಯಿ ಬಿಟ್ಟು ನೀನೇ ಪಾಪ ಮಾಡಿರಬೇಕು ಅಂದ ಮೇಲೆ ಎಲ್ಲಾ ಕೆಡ್ತು.

ಅಮ್ಮ ಹೋಗಿ ಬರೀ 8 ತಿಂಗಳು ಕಣಮ್ಮಾ. ನಿನ್ನ ಒಳಗೆ ಎಲ್ಲಾ ಮರಗಟ್ಟಿದೆ, ಊಟದ ರುಚಿ ಗೊತ್ತಾಗ್ತಿಲ್ಲ, ಹಾಡಿನ ರುಚಿ ಗೊತ್ತಾಗ್ತಿಲ್ಲ, ಪ್ರಾರ್ಥನೆದೊಂದು ಮಾತ್ರ ಹೇಗೆ ಗೊತ್ತಾಗತ್ತೆ. ಪ್ರವಾದಿ ಎಲೀಯನ ಕಥೆ ಓದು, 1 ಅರಸುಗಳು 19. ಸಾಕಾಯ್ತು ಕರ್ತನೇ ನನ್ನ ಪ್ರಾಣ ತಗೋ ಅಂತ ಗಿಡದ ಕೆಳಗೆ ಬಿದ್ಕೊಂಡ. ದೇವದೂತ ಬಂದು ಏನ್ ಮಾಡಿದ? ನಿನ್ನ ವಿಶ್ವಾಸ ಎಲ್ಲೋಯ್ತು ಅಂತ ಕೇಳ್ಲಿಲ್ಲ. ತಟ್ಟಿ ಎಬ್ಬಿಸಿ ಎದ್ದು ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಬಂದು ಮತ್ತೆ ತಿನ್ನಿಸಿದ, ದಾರಿ ದೂರ ಇದೆ ಅಂದ. ಮಾತುಕತೆ ಎಲ್ಲಾ ಆಮೇಲೆ, 40 ದಿನ ನಡೆದು ಬೆಟ್ಟ ಮುಟ್ಟಿದ್ಮೇಲೆ. ನೀನೀಗ ಆ ಗಿಡದ ಕೆಳಗೆ ಇದೀಯ ಅಂತ ಇಟ್ಕೋ.

ಸ್ವಂತ ಮಾತು ಬರ್ದಿದ್ರೆ ಕೀರ್ತನೆ ಸಾಲ ತಗೋ. 13ನೇ ಕೀರ್ತನೆ ಮೊದಲ ಎರಡು ವಚನದಲ್ಲೇ ಇನ್ನೆಷ್ಟರವರೆಗೆ ಇನ್ನೆಷ್ಟರವರೆಗೆ ಅಂತ ನಾಲ್ಕು ಸಲ ಕೇಳ್ತಾನೆ ದಾವೀದ. ಅದೂ ಜಾಸ್ತಿ ಅನ್ಸಿದ್ರೆ 88 ಓದು, ಇಡೀ ಸತ್ಯವೇದದಲ್ಲಿ ನನಗೆ ಅತೀ ಪ್ರಾಮಾಣಿಕ ಅನ್ಸೋದು ಅದು. ಬೇರೆ ಅಳೋ ಕೀರ್ತನೆಗಳು ಬಹುತೇಕ ಕೊನೇಲಿ ಹೇಗೋ ಸ್ತೋತ್ರಕ್ಕೆ ತಿರುಗತ್ತೆ, ಇದು ತಿರುಗಲ್ಲ, ಕತ್ತಲು ಅಂತಾನೇ ಮುಗಿಯತ್ತೆ. ಅದನ್ನ ಯಾರೂ ಕಿತ್ತು ಹಾಕ್ಲಿಲ್ಲ, ಆರಾಧನೆ ಪುಸ್ತಕದ ಒಳಗೇ ಇಟ್ಕೊಂಡ್ರು. ಹಿಂಗೂ ಪ್ರಾರ್ಥನೆ ಮಾಡಬಹುದು ಅಂತಾನೇ ಅಲ್ವಾ. ದಿನಾ ಐದು ನಿಮಿಷ ಹೋಗಿ ಕೂರು, ಏನೂ ಹೇಳ್ಬೇಡ, ಕರ್ತನೇ ಬಂದಿದೀನಿ ಅಂದು ಸುಮ್ನೆ ಕೂರು. ಗೋಡೆ ಅನ್ಸಿದ್ರೂ ಕೂರು.

ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಬದುಕೋದೇ ಬೇಡ ಅನ್ನೋ ಯೋಚ್ನೆ ಬರ್ತಿದೆ ಅಂದ್ರೆ ಮಾತ್ರ ಡಾಕ್ಟರ್ ಹತ್ರ ಹೋಗು, ಇವತ್ತೇ ಮನೇಲಿ ಒಬ್ಬರಿಗೆ ಹೇಳು. ಅದು ಅವಿಶ್ವಾಸ ಅಲ್ಲ. ಎಲೀಯನಿಗೆ ರೊಟ್ಟಿ ಕೊಟ್ಟ ದೇವರೇ ಮಾತ್ರೇನೂ ಕೊಡ್ತಾರೆ.

ಪ್ರಶ್ನೆ: ಎರಡು ಚಿಕ್ಕ ಮಕ್ಕಳ ತಾಯಿ ನಾನು. ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥನೆ ಮಾಡು ಅಂತ ಮತ್ತಾಯ 6ರಲ್ಲಿದೆ, ನಾನು ಬಾಗಿಲು ಮುಚ್ಚಿದ್ರೆ ಎರಡೂ ಆ ಕಡೆಯಿಂದ ಬಡಿಯತ್ವೆ.

ಉತ್ತರ: ಆ ಮಾತು ಹೇಳಿದ್ದು ಬೀದಿ ಮೂಲೇಲಿ ನಾಲ್ಕು ಜನ ನೋಡ್ಲಿ ಅಂತ ಪ್ರಾರ್ಥನೆ ಮಾಡೋರಿಗೆ, ನಿಮಗಲ್ಲ. ನಿಮ್ಮನ್ನ ಯಾರೂ ನೋಡ್ತಾನೇ ಇಲ್ಲ ಅನ್ನೋದೇ ನಿಮ್ಮ ಕಷ್ಟ ಇರಬೇಕು! ಪ್ಯಾರಿಸ್‌ನ ಮಠವೊಂದರಲ್ಲಿ 17ನೇ ಶತಮಾನದಲ್ಲಿ ಬ್ರದರ್ ಲಾರೆನ್ಸ್ ಅಂತ ಅಡುಗೆಮನೆ ಕೆಲಸದ ಸನ್ಯಾಸಿ ಇದ್ರು, 1691ರಲ್ಲಿ ತೀರಿಕೊಂಡ್ರು. ಪಾತ್ರೆ ಸದ್ದು, ಇಬ್ಬರು ಮೂವರು ಒಟ್ಟಿಗೆ ಕರೆಯೋ ಗಲಾಟೆ ನಡುವೆನೂ ಮೊಣಕಾಲೂರಿದ ಹಾಗೇ ದೇವರ ಜೊತೆ ಇದೀನಿ ಅಂತಿದ್ರು. ಅಷ್ಟು ಸುಲಭಕ್ಕೆ ಬರಲ್ಲ ಬಿಡಿ, ಅವರಿಗೂ ಶುರುವಲ್ಲಿ ವರ್ಷಗಟ್ಟಲೆ ಒದ್ದಾಟ ಇತ್ತು. ನೀವು ವಾರಕ್ಕೊಂದು ವಾಕ್ಯ ದಪ್ಪಕ್ಷರದಲ್ಲಿ ಬರ್ದು ಪಾತ್ರೆ ತೊಳೆಯೋ ಕಡೆ ಅಂಟಿಸಿ, ಕೈ ಕೆಲಸ ಮಾಡ್ತಿರ್ಲಿ, ಬಾಯಿ ಅದನ್ನ ಗೊಣಗ್ತಿರ್ಲಿ. ಮತ್ತೆ ಯಜಮಾನರಿಗೆ ಒಂದು ಮಾತು, ಅವರೂ ಈ ಪತ್ರಿಕೆ ಓದ್ತಾರೆ ಅಂತ ಬರ್ದಿದೀರಲ್ಲಾ: ಬ್ರದರ್, ದಿನಾ 20 ನಿಮಿಷ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ. ಅದೂ ಸೇವೇನೇ.

ಪ್ರಶ್ನೆ: ಇಷ್ಟೆಲ್ಲಾ ಮಾಡ್ತೀವಿ ಸರಿ, ಆತ್ಮೀಕವಾಗಿ ಬೆಳೆದಿದೀನಿ ಅಂತ ಗೊತ್ತಾಗೋದು ಹೇಗೆ?

ಉತ್ತರ: ನಮಗೆ ಗೊತ್ತಾಗೋದು ಕಡಿಮೆ. ಮಾರ್ಕ 4ರಲ್ಲಿ ಒಬ್ಬ ಬೀಜ ಹಾಕ್ತಾನೆ, ರಾತ್ರಿ ಮಲಗ್ತಾನೆ, ಹಗಲು ಏಳ್ತಾನೆ, ಬೀಜ ಮೊಳೆತು ಬೆಳೆಯತ್ತೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ದಿನಾ ಮಣ್ಣು ಕೆದಕಿ ನೋಡಿದ್ರೆ ಇದ್ದ ಬೇರೂ ಸಾಯತ್ತೆ. ಗಲಾತ್ಯ 5ರಲ್ಲಿ ಆತ್ಮನ ಫಲ ಅಂತ ಒಂಬತ್ತು ಹೇಳಿದಾರಲ್ಲಾ, ಪ್ರೀತಿ, ಸಂತೋಷ, ಸಮಾಧಾನ ಅಂತ ಶುರುವಾಗೋದು, ಅದರಲ್ಲಿ ಮುಕ್ಕಾಲು ಭಾಗ ಇನ್ನೊಬ್ಬರು ಪಕ್ಕದಲ್ಲಿ ಇದ್ರೆ ಮಾತ್ರ ಕಾಣೋಂಥದ್ದು. ಒಬ್ಬಳೇ ರೂಮಲ್ಲಿ ಕೂತು ದೀರ್ಘಶಾಂತಿ ಎಷ್ಟಿದೆ ಅಂತ ಅಳೆಯೋಕಾಗಲ್ಲ. ಎಷ್ಟು ಅಧ್ಯಾಯ ಬಾಯಿಪಾಠ ಬರತ್ತೆ, ಉಪವಾಸ ಎಷ್ಟು ಅಂತ ಕೆಲವರು ಲೆಕ್ಕ ಕೊಡ್ತಾರೆ, ಯೇಸು ಹೇಳಿದ ಕಥೇಲಿ ಫರಿಸಾಯನೂ (ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸ್ತಿದ್ದ ಯೆಹೂದಿ ಪಂಗಡದವನು) ವಾರಕ್ಕೆ ಎರಡು ಸಲ ಉಪವಾಸ ಮಾಡ್ತೀನಿ ಅಂತ ದೇವಾಲಯದಲ್ಲಿ ಹೇಳ್ಕೊಂಡಿದ್ದ.

ನಂಗೆ ಸಿಟ್ಟು ಬಂದ್ರೆ ಬಾಗಿಲು ದಡಾರ್ ಅಂತ ಹಾಕೋ ಅಭ್ಯಾಸ ಇತ್ತು, ಬಾಯಲ್ಲಿ ಏನೂ ಅನ್ನಲ್ಲ, ಬಾಗಿಲೇ ಮಾತಾಡ್ತಿತ್ತು. ಅದಕ್ಕೆ ಅಂತ ನಾನು ಪ್ರಾರ್ಥನೆ ಮಾಡಿದ್ದೂ ನೆನಪಿಲ್ಲ, ಅದೊಂದು ತಪ್ಪು ಅಂತಾನೂ ಅನ್ಸಿರ್ಲಿಲ್ಲ. ಹೋದ ವರ್ಷ ಮಗಳು ಓದ್ಕೊಂಡು ಕೂತಿದ್ದೋಳು ಇದ್ದಕ್ಕಿದ್ದಂಗೆ, ಅಮ್ಮಾ ನೀನು ಈಗೀಗ ಬಾಗಿಲು ಮೆಲ್ಲಗೆ ಹಾಕ್ತೀಯಲ್ಲಾ, ಅಂದ್ಲು. ಯಾವಾಗಿಂದ ಅಂದೆ. ಗೊತ್ತಿಲ್ಲ, ಸುಮಾರ್ ದಿನ ಆಯ್ತು, ಅಂತ ಪುಸ್ತಕಕ್ಕೆ ತಲೆ ಹಾಕ್ಕೊಂಡ್ಲು. ನಾನು ಸ್ವಲ್ಪ ಹೊತ್ತು ಆ ಬಾಗಿಲ ಹಿಡಿ ಹಿಡ್ಕೊಂಡು ಅಲ್ಲೇ ನಿಂತಿದ್ದೆ.

ನಿಮ್ಮನೇಲೂ ಯಾರನ್ನಾದ್ರೂ ಕೇಳಿ ನೋಡಿ. ಪಾಸ್ಟರನ್ನ ಬೇಡ, ಜೊತೇಲಿ ಇರೋರನ್ನ ಕೇಳಿ. ಅವರು ಹೇಳಿದ್ದು ಇಷ್ಟ ಆಗ್ದಿದ್ರೆ ನಂಗೆ ಬರೀರಿ, ದಶಮಾಂಶದ ಪ್ರಶ್ನೆ ಜೊತೆಗೇ ನೋಡೋಣ.